‘ಪರಿಯಾ’ ಅಂದ್ರೆ ಯಾರು?

ನಮ್ಮಣ್ಣನ ಮಗಳು ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದಾಳೆ. ಹೋದ ವಾರ ಕೋಚಿಂಗ್‌ನಲ್ಲಿ ಕೊಟ್ಟ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಹಳೇ ಕಾಲದ ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಒಂದೊಂದು ಸಾಲು ಅರ್ಥ. ನೇವ್ ಅಂದ್ರೆ ಮೋಸಗಾರ. ಚರ್ಲ್ ಅಂದ್ರೆ ಒರಟ. ಬೂರ್ ಅಂದ್ರೆ ನಡವಳಿಕೆ ಗೊತ್ತಿಲ್ಲದವನು. ವಿಲನ್ ನಿಮಗೇ ಗೊತ್ತು. ಅದೇ ಪಟ್ಟಿಯ ಕೊನೆ ಕಡೆ ‘ಪರಿಯಾ’: ಸಮಾಜ ಹೊರಗಿಟ್ಟವನು, ಯಾರಿಗೂ ಬೇಡವಾದವನು.

“ಚಿಕ್ಕಪ್ಪ, ಇದು ಪರಯರ ಹೆಸರಲ್ವಾ? ನನ್ನ ಪಕ್ಕ ಕೂತ್ಕೊಳ್ಳೋ ಕೆಜಿಎಫ್ ಹುಡುಗಿ ಈ ಸಾಲು ನೋಡಿ ಸುಮ್ಮನಾಗಿಬಿಟ್ಳು” ಅಂದಳು.

ಹೌದು, ಅದೇ ಹೆಸರು. ಪರೈ ಅಂದ್ರೆ ನಮ್ಮ ತಮಟೆ ಹಾಗೇ ಒಂದು ಚರ್ಮವಾದ್ಯ. ಅದರಿಂದ ಪರಯರು ಅಂತ ಹೆಸರು ಬಂತು ಅಂತಾರೆ. 17ನೇ ಶತಮಾನದಲ್ಲೇ ಆ ಹೆಸರು ಇಂಗ್ಲಿಷಿಗೆ ಹೋಯ್ತು. ಬಿಳಿಯರು ಬೀದಿನಾಯಿಗೆ ‘ಪರಿಯಾ ಡಾಗ್’ ಅಂದ್ರು, ಹದ್ದಿಗೆ ‘ಪರಿಯಾ ಕೈಟ್’ ಅಂದ್ರು.

ಈ ಮಾತೆತ್ತಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಪ್ರಗತಿಪರ ಗೆಳೆಯರು ಹೇಳ್ತಾರೆ: “ಬಿಡಿ ಸಾರ್, ಪದದ ಅರ್ಥ ಕಾಲಕ್ಕೆ ತಕ್ಕಂಗೆ ಬದಲಾಗುತ್ತೆ. ವಿಲನ್ ಅನ್ನೋದೂ ಒಂದು ಕಾಲಕ್ಕೆ ರೈತನ ಹೆಸರು.”

ಸರಿ, ವಿಲನ್‌ನೇ ನೋಡೋಣ. ಲ್ಯಾಟಿನ್‌ನಲ್ಲಿ ವಿಲ್ಲಾ ಅಂದ್ರೆ ಜಮೀನಿನ ಮನೆ. ಆ ಜಮೀನಿಗೆ ಕಟ್ಟಿಬಿದ್ದು ದುಡಿಯೋನು ವಿಲೈನ್. ಧಣಿಯ ಅಪ್ಪಣೆ ಇಲ್ಲದೆ ಊರು ಬಿಡಂಗಿಲ್ಲ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಈ ಜೀತ ತೆಗೀರಿ ಅಂತಲೇ ಕೇಳಿದ್ದು. ದುಡಿಯೋನ ಹೆಸರು ಧಣಿಗಳ ಬಾಯಲ್ಲಿ ನೀಚ ಅಂತಾಗಿ, ಕೊನೆಗೆ ಕಥೆಯ ಖಳನ ಹೆಸರಾಯ್ತು. ನೇವ್ ಅಂದ್ರೆ ಮೊದಲು ಬರೀ ಹುಡುಗ, ಆಮೇಲೆ ಆಳುಮಗ, ಆಮೇಲೆ ಮೋಸಗಾರ. ಬೂರ್ ಅಂದ್ರೆ ಬೇಸಾಯಗಾರ. ಚರ್ಲ್ ಅಂದ್ರೆ ಕೆಳಗಿನ ದರ್ಜೆಯ ರೈತ. ಮೇಲಿನವರ ಕಡೆ ನೋಡಿ: ಜೆಂಟಲ್, ನೋಬಲ್, ಜನರಸ್. ಮೂರೂ ಹುಟ್ಟಿದ ಮನೆತನ ಹೇಳೋ ಪದಗಳೇ, ಈಗ ಮೂರೂ ಒಳ್ಳೇ ಗುಣಗಳು! ಹುಟ್ಟು ಗುಣ ಆಗೋದು ನಮ್ಮಲ್ಲಷ್ಟೇ ಅಂದ್ಕೊಂಡಿದ್ದೆ. ನಿಘಂಟು ಬರೆಸೋರು ಎಲ್ಲಾ ಕಡೆ ಒಂದೇ.

ಆದರೆ ಗೆಳೆಯರು ಒಂದು ಮರೀತಾರೆ. ಇವತ್ತು ಇಂಗ್ಲೆಂಡಿನಲ್ಲಿ ವಿಲೈನ್ ಆಗಿ ಹುಟ್ಟೋ ಮಗು ಒಂದೂ ಇಲ್ಲ. ಆ ವರ್ಗ ಹೋಯ್ತು, ಪದ ಉಳೀತು, ಯಾರಿಗೂ ನೋವಿಲ್ಲ. ಪರಯರು ಹಂಗಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲೂ ಅವರಿದಾರೆ. ಆ ಕೆಜಿಎಫ್ ಹುಡುಗಿಯ ಅಜ್ಜಂದಿರು ಗಣಿಯ ಆಳಕ್ಕಿಳಿದು ಚಿನ್ನ ತೆಗೆದವರು. ಅವಳ ಜಾತಿ ಪ್ರಮಾಣಪತ್ರದಲ್ಲಿರೋ ಹೆಸರೇ ಪರೀಕ್ಷೆಯಲ್ಲಿ ‘ಬೇಡವಾದವನು’ ಅಂತ ಟಿಕ್ ಮಾಡ್ಬೇಕು, ಮಾಡಿದ್ರೆ ಒಂದು ಮಾರ್ಕು. ಹತ್ತು ಜನರೆದುರು ಜಾತಿ ಹೆಸರು ಹಿಡಿದು ಹೀಯಾಳಿಸಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಗುತ್ತೆ. ಇಂಗ್ಲಿಷ್ ಸಂಪಾದಕೀಯದಲ್ಲಿ ಬರೆದ್ರೆ ಒಳ್ಳೇ ಭಾಷೆ ಅನ್ನಿಸ್ಕೊಳ್ಳುತ್ತೆ.

ಇನ್ನೂ ವಿಚಿತ್ರ ಏನು ಗೊತ್ತಾ? ವರ್ಣಭೇದ ಮಾಡ್ತಿದ್ದ ದಕ್ಷಿಣ ಆಫ್ರಿಕಾ ಸರ್ಕಾರವನ್ನ ಜಗತ್ತು ‘ಪರಿಯಾ ಸ್ಟೇಟ್’ ಅಂತ ಬೈತಿತ್ತು. ಮನುಷ್ಯರನ್ನ ಹೊರಗಿಟ್ಟವರಿಗೆ ಹೊರಗಿಡಲ್ಪಟ್ಟವರ ಹೆಸರು!

ಇದೇ ಹೆಸರನ್ನ ತಲೆ ಎತ್ತಿ ಹಿಡಿದವರೂ ಇದಾರೆ. 1893ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಮದ್ರಾಸಿನಲ್ಲಿ ಪತ್ರಿಕೆ ಶುರುಮಾಡಿದಾಗ ಅದಕ್ಕಿಟ್ಟ ಹೆಸರು ‘ಪರೈಯನ್’. ನಾನು ಯಾರು ಅಂತ ನಾನೇ ಹೇಳ್ತೀನಿ ಅನ್ನೋ ಧೈರ್ಯ ಅದು. ಅದೇ ಶ್ರೀನಿವಾಸನ್ ಮುಂದೆ ಬಾಬಾಸಾಹೇಬರ ಜೊತೆ ದುಂಡುಮೇಜಿನ ಪರಿಷತ್ತಿಗೆ ಹೋದ್ರು. 1931ರಲ್ಲಿ ಇಬ್ಬರೂ ಸೇರಿ ಕೊಟ್ಟ ಮನವಿಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್’ ಅನ್ನೋ ಸರ್ಕಾರಿ ಹೆಸರು ಬದಲಾಗ್ಬೇಕು ಅಂತ ಕೇಳಿದ್ರು. ಪ್ರಾತಿನಿಧ್ಯದ ಅಷ್ಟು ದೊಡ್ಡ ಜಗಳದ ನಡುವೆಯೂ ಹೆಸರಿನ ವಿಷಯ ಸಣ್ಣದು ಅಂತ ಅವರಿಗೆ ಅನಿಸಲಿಲ್ಲ.

ಇಂಗ್ಲಿಷನ್ನ ಬೈದು ಕನ್ನಡವನ್ನ ಬಿಟ್ಟುಬಿಡೋಕೂ ಆಗಲ್ಲ. ‘ಕುಲೀನ’ ಹೊಗಳಿಕೆ. ‘ಗ್ರಾಮ್ಯ’ ಅಂದ್ರೆ ಒರಟು. ಪೌರಾಣಿಕ ಸಿನಿಮಾದಲ್ಲಿ ಸಿಟ್ಟು ಬಂದವರೆಲ್ಲ ‘ಚಂಡಾಲ’ ಅಂತ ಕೂಗ್ತಾರೆ. ಹೊಲೆಯ ಅನ್ನೋ ಪದ ಹೊಲದಿಂದ ಬಂತು ಅಂತ ಕೆಲವರು, ಹೊಲೆ ಅಂದ್ರೆ ಮೈಲಿಗೆಯಿಂದ ಬಂತು ಅಂತ ಇನ್ನು ಕೆಲವರು ವಾದ ಮಾಡ್ತಾರೆ. ನಾನು ಹೊಲದ ಕಡೆ. ನಮ್ಮಪ್ಪನ ಕಾಲಲ್ಲಿ ನಾನು ನೋಡಿದ್ದು ಮಣ್ಣನ್ನೇ.

ಪದವನ್ನ ನಿಘಂಟಿನಿಂದ ಕಿತ್ತುಹಾಕಿ ಅಂತ ನಾನು ಕೇಳ್ತಿಲ್ಲ, ಅದು ಸಾಕ್ಷಿ, ಅಲ್ಲೇ ಇರಲಿ. ಪಕ್ಕದಲ್ಲಿ ‘ಒಂದು ಸಮುದಾಯದ ಹೆಸರು, ಬೈಗುಳವಾಗಿ ಬಳಸಬಾರದು’ ಅಂತ ಬರೀರಿ. ಪತ್ರಿಕೆಯಲ್ಲಿರೋ ಗೆಳೆಯರೇ, ‘ಪರಿಯಾ’ ಬದಲು ‘ಬಹಿಷ್ಕೃತ’ ಅನ್ನೋಕೆ ಎಷ್ಟು ಖರ್ಚಾಗುತ್ತೆ?

ಕೋಚಿಂಗ್‌ನವರಿಗೆ ಪತ್ರ ಬರೆದಿದೀನಿ. ಮಗಳು, ಅವಳ ಗೆಳತಿ ಇಬ್ಬರೂ ಸಹಿ ಹಾಕಿದಾರೆ. ಉತ್ತರ ಇನ್ನೂ ಬಂದಿಲ್ಲ. ಹೆಸರು ಮುಚ್ಚಿ ಹಾಳೆಯ ಫೋಟೊ ಕಾಮೆಂಟಲ್ಲಿ ಹಾಕ್ತೀನಿ. ನಿಮ್ಮ ಮಕ್ಕಳ ಪುಸ್ತಕದಲ್ಲೂ ಇಂಥವಿದ್ರೆ ಕಳಿಸಿ.

ಜೈ ಭೀಮ್.