ಜಿಪ್ ಗಂಟು ಯಾರ ಅನುಕೂಲಕ್ಕೆ?

ಸಹಾಯಧನದ ಅರ್ಜಿ ನಮೂನೆ, ತೋಟದ ಫೋಟೋ ಎಲ್ಲವನ್ನೂ ಒಂದೇ ಜಿಪ್ ಫೈಲಾಗಿ ಕಟ್ಟಿ ಬೆಳೆಗಾರರಿಗೆ ಕಳುಹಿಸುವ ಪದ್ಧತಿ ಸರಿಯಲ್ಲ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲೋ ಹನೂರಿನ ಕಾಡಂಚಿನಲ್ಲೋ ಸಿಗ್ನಲ್ ತಪ್ಪಿ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಗಂಟು ಬಿಚ್ಚುವುದಿಲ್ಲ. ಕಂಪ್ಯೂಟರ್ ಕೆಟ್ಟಿತೆಂದು ಕೊಳ್ಳೇಗಾಲಕ್ಕೆ ದುರಸ್ತಿಗೆ ಒಯ್ದು ಬರುವಷ್ಟರಲ್ಲಿ ಅರ್ಜಿಯ ಕಡೆಯ ದಿನ ಕಳೆದಿರುತ್ತದೆ. ಕೆಟ್ಟಿರುವುದು ಕಂಪ್ಯೂಟರಲ್ಲ. ಜಿಪ್‌ನೊಳಗಿನ ಫೈಲುಗಳ ಪಟ್ಟಿ ಇರುವುದೇ ಕಟ್ಟಕಡೆಯಲ್ಲಿ. ಬಾಲ ಬಾರದಿದ್ದರೆ ಪಟ್ಟಿಯೂ ಬಂದಿಲ್ಲವೆಂದೇ ಅರ್ಥ. ಪೂರ್ತಿ ಪುನಃ ಇಳಿಸಿಕೊಳ್ಳಬೇಕು. ಬೇರೆ ಸಾಫ್ಟ್‌ವೇರ್ ಹಾಕಿದರೆ ಬಾರದ ಭಾಗ ಬಂದೀತೇ?

ಹೋಗಲಿ, ಗಾತ್ರವಾದರೂ ಇಳಿಯುತ್ತದೆಯೇ? ಜೆಪೆಗ್ ಫೋಟೋಗಳು ಮೊದಲೇ ಕುಗ್ಗಿಸಿದವು. ಜಿಪ್ ಮಾಡಿದರೆ ಮತ್ತೆ ಕುಗ್ಗುವುದು ಅತ್ಯಲ್ಪ. ಕಚೇರಿಗಳು ಬಿಡಿಬಿಡಿಯಾಗಿಯೇ ಕಳುಹಿಸಲಿ. ಕಟ್ಟಲೇಬೇಕಾದಲ್ಲಿ ಫೈಲಿನ ಗಾತ್ರವನ್ನು ಪತ್ರದಲ್ಲಿ ನಮೂದಿಸಲಿ. ಬೆಳೆಗಾರರು ಹೋಲಿಸಿ ನೋಡಿಕೊಳ್ಳುತ್ತಾರೆ.