ಬೀರುವಿನೊಳಗಿನ ಸಾಕ್ಷ್ಯ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಾದಿಯಲ್ಲಿ ಬಾತಿ ಎಂಬ ಊರುಂಟು. ಅಲ್ಲಿಯ ರೈತನೊಬ್ಬನು ಗದ್ದೆಯ ಬದುವಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದನೆನ್ನಿ. ತಡೆಯಾಜ್ಞೆ ಬಂದು ದಾವೆಯು ಎರಡು ವರ್ಷ ನಿಂತರೆ ಅವನಿಗೆ ಬೇಸರವಾದೀತು. ಆದರೆ ಆಧಾರ ಅಳಿಯದು. ಪಹಣಿಯೂ ಕಂದಾಯದ ರಶೀದಿಗಳೂ ಅವನ ಪೆಟ್ಟಿಗೆಯಲ್ಲಿವೆ. ಬದುವನ್ನು ಬಲ್ಲ ಹಿರಿಯರು ಅವನ ಕೇರಿಯಲ್ಲಿಯೇ ಇದ್ದಾರೆ.

ಸೆರೆಯಾಳಿನ ಸ್ಥಿತಿ ಹಾಗಲ್ಲ. ತನಗೆ ಏಟು ಬಿದ್ದಿತು, ಔಷಧ ದೊರೆಯಲಿಲ್ಲ ಎಂದು ಅವನು ದೂರಿದರೆ, ಅದನ್ನು ತೋರಿಸಿಕೊಡಬೇಕಾದ ದಿನಚರಿ, ವೈದ್ಯರ ದಾಖಲೆ, ಕಾವಲಿನ ಪಟ್ಟಿ ಎಲ್ಲವೂ ಎದುರುಪಕ್ಷದ ಬೀರುವಿನಲ್ಲಿವೆ. ಕಣ್ಣಾರೆ ಕಂಡವರು ಸಹಬಂದಿಗಳು. ಇಂದು ಇಲ್ಲಿರುವವರು ನಾಳೆ ಬೇರೊಂದು ಜೈಲಿನಲ್ಲಿ.

ದಾವೆ ನಿಲ್ಲುತ್ತದೆಯೋ ಇಲ್ಲವೋ ಎಂಬ ಮೊದಲ ಪ್ರಶ್ನೆ ತೀರುವವರೆಗೆ ಸಾಕ್ಷ್ಯ ಸಂಗ್ರಹವನ್ನು ತಡೆಯುವ ಪದ್ಧತಿಯೊಂದಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1982ರ ಹಾರ್ಲೊ ಮೊಕದ್ದಮೆಯಲ್ಲಿ, ಅಧಿಕಾರಿಗೆ ಕಾನೂನಿನ ರಕ್ಷಣೆಯುಂಟೇ ಎಂಬುದು ನಿರ್ಧಾರವಾಗುವ ತನಕ ದಾಖಲೆಗಳಿಗಾಗಿ ಅವನನ್ನು ಕಾಡಬಾರದೆಂದಿತು. ಇದರಲ್ಲಿ ನ್ಯಾಯವಿಲ್ಲದಿಲ್ಲ. ಹುರುಳಿಲ್ಲದ ದೂರುಗಳಿಗೆಲ್ಲ ಉತ್ತರ ಕೊಡುತ್ತ ಕುಳಿತರೆ ಅಧಿಕಾರಿಯು ಕೆಲಸ ಮಾಡುವುದೆಂದಿಗೆ?

ಆದರೆ ಮೊದಲ ಪ್ರಶ್ನೆಯೇ ಕೊನೆಯ ಪ್ರಶ್ನೆಯಾದರೆ ಏನಾಗುವುದೆಂಬುದನ್ನು ಕರ್ನಾಟಕವು ಕಂಡಿದೆ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರ ಬಂಧನವಾಯಿತು. ಬಂಧನವನ್ನು ಪ್ರಶ್ನಿಸಿದ ಅರ್ಜಿಗಳು ಉಚ್ಚ ನ್ಯಾಯಾಲಯವನ್ನು ಸೇರಿದವು. ಬಂಧನವು ಸರಿಯೇ ಎಂಬುದಕ್ಕಿಂತ ಮುಂಚೆ, ಬಂಧಿತನಿಗೆ ಕೇಳುವ ಹಕ್ಕಾದರೂ ಇದೆಯೇ ಎಂದು ಸರ್ಕಾರವು ವಾದಿಸಿತು. ಮೀಸಾ ಕಾಯಿದೆಗೆ ಸೇರಿಸಿದ 16ಎ ವಿಧಿಯಂತೂ ಬಂಧನದ ಕಾರಣಗಳನ್ನೇ ಗುಟ್ಟಾಗಿಸಿತು. ಕೇಳುವ ಹಕ್ಕಿಲ್ಲವೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ತೀರ್ಪಿತ್ತರು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಒಪ್ಪಲಿಲ್ಲ.

ಇದಾದ ನಾಲ್ಕನೆಯ ದಿನ, ಮೇ 2ರಂದು, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ಉಬ್ಬಸದ ರೋಗಿಯಾದ ಆಕೆ ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಕಳೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, 20ರಂದು ತೀರಿಕೊಂಡರು. ಮೊಕದ್ದಮೆ ಕಾಯಬಲ್ಲದು, ಉಸಿರು ಕಾಯುವುದೇ?

ಕಾನೂನು ಮುಂದೆ ತನ್ನನ್ನು ತಿದ್ದಿಕೊಂಡಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಮೊರೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಯಲಾಗದೆಂದು 1978ರ 44ನೆಯ ತಿದ್ದುಪಡಿ ವಿಧಿಸಿತು. ನಿರ್ದೋಷಿಯೆಂದಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹನಿಗೆ 1983ರಲ್ಲಿ ಪರಿಹಾರ ದೊರೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, 1976ರ ತೀರ್ಪು ರದ್ದಾಯಿತು. ಅಷ್ಟರಲ್ಲಿ ನಲವತ್ತೊಂದು ವರ್ಷ ಸರಿದಿತ್ತು.

ಈಗ ಪೊಲೀಸ್ ಠಾಣೆಗಳಲ್ಲಿ ಕ್ಯಾಮರಾ ಇರಿಸಬೇಕೆಂದೂ ಚಿತ್ರಗಳನ್ನು 18 ತಿಂಗಳು ಕಾಪಾಡಬೇಕೆಂದೂ 2020ರ ತೀರ್ಪೊಂದು ಹೇಳಿದೆ. ಆದರೆ ದಾವೆಯು ಎರಡು ವರ್ಷ ತಡೆಯಲ್ಲಿದ್ದರೆ? ತಡೆ ತೆರವಾಗುವ ಹೊತ್ತಿಗೆ ಆ ಅವಧಿಯು ಮುಗಿದಿರುತ್ತದೆ.

ಆದುದರಿಂದ ನ್ಯಾಯಾಲಯವು ವಿಚಾರಣೆಯನ್ನು ನಿಲ್ಲಿಸಲಿ, ಬೇಡವೆನ್ನುವವರಿಲ್ಲ. ಅದೇ ಆಜ್ಞೆಯಲ್ಲಿ ಇನ್ನೊಂದು ವಾಕ್ಯವೂ ಇರಲಿ: ದಿನಚರಿ, ವೈದ್ಯರ ದಾಖಲೆ, ಚಿತ್ರ ಇವಾವುವೂ ಅಳಿಯಕೂಡದು, ಮುಪ್ಪಿನ ಅಥವಾ ರೋಗಿಯಾದ ಸಾಕ್ಷಿಯ ಹೇಳಿಕೆಯನ್ನು ಕೂಡಲೇ ಬರೆದಿಡತಕ್ಕದ್ದು. ಬಾತಿಯ ರೈತನಿಗೆ ಅವನ ಪೆಟ್ಟಿಗೆ ಮಾಡುವ ಉಪಕಾರವನ್ನು ಸೆರೆಯಾಳಿಗೆ ಆ ಒಂದು ವಾಕ್ಯವೇ ಮಾಡಬೇಕು.