ದಾಖಲೆಯ ಒಂದು ಸುತ್ತು, ಸರಾಸರಿಯ ಹಲವು ಸುತ್ತು

ಸೆಪ್ಟೆಂಬರ್ ತಿಂಗಳೆಂದರೆ ಲೆಕ್ಕಪರಿಶೋಧಕರಿಗೆ ನಿದ್ರೆಯ ಕೊರತೆಯ ತಿಂಗಳು. ಅಂಥ ಒಂದು ರಾತ್ರಿ ತಡವಾಗಿ ಮನೆಗೆ ಮರಳಿದಾಗ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಮೇಜಿಗೆ ಸ್ಟಿಯರಿಂಗ್ ಚಕ್ರ ಬಿಗಿದುಕೊಂಡು, ಟಿ.ವಿ. ಪರದೆಯ ಮೇಲೆ ಕಾರು ಓಡಿಸುತ್ತಿದ್ದ. ಎಷ್ಟು ಜನರೊಡನೆ ಸ್ಪರ್ಧೆ ಎಂದು ಕೊಂಚ ಅಸಮಾಧಾನದಿಂದಲೇ ಕೇಳಿದೆ. "ಒಬ್ಬನೇ ಅಪ್ಪ, ಟೈಮ್ ಟ್ರಯಲ್" ಎಂದ. ಆದರೆ ಅವನ ಮುಂದೆ ಅರೆಪಾರದರ್ಶಕವಾದ ಮತ್ತೊಂದು ಕಾರು ಓಡುತ್ತಿತ್ತು. ಅದು ಅವನದೇ ಹಿಂದಿನ ಅತ್ಯುತ್ತಮ ಸುತ್ತಿನ ನೆರಳು. ಆಟಗಾರರು ಅದನ್ನು 'ಘೋಸ್ಟ್' ಎನ್ನುತ್ತಾರೆ.

ಈ ಸ್ಪರ್ಧೆಯ ನಿಯಮಗಳನ್ನು ಅವನಿಂದ ತಿಳಿದುಕೊಂಡಾಗ ನನ್ನ ಅಸಮಾಧಾನ ಕುತೂಹಲಕ್ಕೆ ತಿರುಗಿತು. 2022ರಲ್ಲಿ ಬಿಡುಗಡೆಯಾದ 'ಗ್ರಾನ್ ಟುರಿಸ್ಮೊ 7' ಎಂಬ ಆಟದ ಆನ್‌ಲೈನ್ ಟೈಮ್ ಟ್ರಯಲ್‌ನಲ್ಲಿ ಗೊತ್ತುಪಡಿಸಿದ ಪಥದಲ್ಲಿ ಪ್ರತಿಯೊಬ್ಬನೂ ಏಕಾಂಗಿಯಾಗಿ ಓಡಿಸಬೇಕು. ಅಡ್ಡ ಬರುವವರಿಲ್ಲ, ದೂರಲು ಯಾರೂ ಇಲ್ಲ. ಪಥದ ಗೆರೆ ಮೀರಿ ಹೊರಗೆ ಹೋದರೆ ಆ ಸುತ್ತು ಎಷ್ಟೇ ವೇಗವಾಗಿದ್ದರೂ ಲೆಕ್ಕಕ್ಕಿಲ್ಲ. ಪಟ್ಟಿಯ ಮೊದಲಿಗನ ಕಾಲಾವಧಿಗಿಂತ ಶೇ. 3ರೊಳಗೆ ಇದ್ದರೆ ಚಿನ್ನ, ಶೇ. 5ರೊಳಗೆ ಬೆಳ್ಳಿ, ಶೇ. 10ರೊಳಗೆ ಕಂಚು. ಅಂದರೆ ಮೊದಲಿಗನು 100 ಸೆಕೆಂಡುಗಳಲ್ಲಿ ಮುಗಿಸಿದರೆ 103 ಸೆಕೆಂಡುಗಳವರೆಗೆ ಚಿನ್ನ. ನಿಗದಿತ ಮಾನದಂಡ, ಅದರಿಂದ ವ್ಯತ್ಯಾಸ, ವ್ಯತ್ಯಾಸದ ಶೇಕಡಾವಾರು: ವೆಚ್ಚ ಲೆಕ್ಕಶಾಸ್ತ್ರದಲ್ಲಿ ನಾವು ಓದಿದ್ದೂ ಇದನ್ನೇ ಅಲ್ಲವೇ?

ಇದು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ನಿಸಾನ್ ಮತ್ತು ಸೋನಿ ಸಂಸ್ಥೆಗಳು 2008ರಲ್ಲಿ ಆರಂಭಿಸಿದ ಜಿ.ಟಿ. ಅಕಾಡೆಮಿಯು ಇಂಥ ಆಟದ ಕಾಲಾವಧಿಗಳ ಆಧಾರದಿಂದಲೇ ಅಭ್ಯರ್ಥಿಗಳನ್ನು ಆರಿಸಿ, ನಿಜವಾದ ರೇಸ್ ಕಾರುಗಳಲ್ಲಿ ಪರೀಕ್ಷಿಸಿತು. ಅದರ ಪ್ರಥಮ ವಿಜೇತ, ಆಗ ಎಂ.ಬಿ.ಎ. ವಿದ್ಯಾರ್ಥಿಯಾಗಿದ್ದ ಸ್ಪೇನಿನ ಲೂಕಾಸ್ ಓರ್ಡೋನ್ಯೆಸ್, 2011ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ತನ್ನ ತಂಡದೊಡನೆ ಎಲ್.ಎಂ.ಪಿ. 2 ವರ್ಗದಲ್ಲಿ ದ್ವಿತೀಯ ಸ್ಥಾನ ಗಳಿಸಿದ. ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯೂ ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಪ್ರತ್ಯೇಕ ಮಾನ್ಯತೆ ನೀಡಿದೆ ಎಂಬುದು ಗಮನಾರ್ಹ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ. ಅಮೆರಿಕದ 'ಐರೇಸಿಂಗ್' ಎಂಬ ಸಿಮ್ಯುಲೇಟರ್‌ನ ಟೈಮ್ ಟ್ರಯಲ್‌ನಲ್ಲಿ ಒಂದೇ ಒಂದು ವೇಗದ ಸುತ್ತು ಸಾಲದು. ತಪ್ಪಿಲ್ಲದೆ ಸತತವಾಗಿ ಓಡಿಸಿದ ನಿಗದಿತ ಸಂಖ್ಯೆಯ ಸುತ್ತುಗಳ ಸರಾಸರಿಯನ್ನು ಅಲ್ಲಿ ಪರಿಗಣಿಸುತ್ತಾರೆ. ನಡುವೆ ಒಮ್ಮೆ ಎಡವಿದರೆ ಎಣಿಕೆ ಮತ್ತೆ ಮೊದಲಿನಿಂದ. ಒಂದು ಸುತ್ತಿನ ದಾಖಲೆ ಸಾಮರ್ಥ್ಯದ ಮೇಲ್ಮಿತಿಯನ್ನು ತೋರಿಸುತ್ತದೆ; ನೆಚ್ಚಿಕೊಳ್ಳಬಹುದಾದ ಸಾಮರ್ಥ್ಯ ಯಾವುದೆಂಬುದನ್ನು ಸರಾಸರಿ ಮಾತ್ರ ಹೇಳಬಲ್ಲದು.

ಇದನ್ನು ಕೇಳಿದಾಗ ಹಳೆಯ ಕಕ್ಷಿದಾರರೊಬ್ಬರ ನೆನಪಾಯಿತು. ವಾಹನಗಳ ಬಿಡಿಭಾಗ ತಯಾರಿಸುವ ಅವರ ಸಣ್ಣ ಘಟಕವು ಒಂದು ತ್ರೈಮಾಸಿಕದಲ್ಲಿ ಹಿಂದೆಂದೂ ಕಾಣದ ಲಾಭ ಗಳಿಸಿತು. ಅದನ್ನೇ ಆಧಾರವಾಗಿಟ್ಟುಕೊಂಡು ಎರಡು ಹೊಸ ಯಂತ್ರಗಳ ಸಾಲಕ್ಕೆ ಯೋಜನಾ ವರದಿ ಬೇಕೆಂದರು. ಸಿದ್ಧಪಡಿಸಿಕೊಟ್ಟವನು ನಾನೇ. ಆ ಲಾಭದಲ್ಲಿ ಹಳೆಯ ಅಗ್ಗದ ಬೆಲೆಗೆ ಕೊಂಡಿದ್ದ ಉಕ್ಕಿನ ಪಾಲೆಷ್ಟು, ಮುಂದೂಡಿದ ದುರಸ್ತಿಯ ಪಾಲೆಷ್ಟು, ಕೈಯಲ್ಲಿ ಕಂಡ ನಗದಿನಲ್ಲಿ ಪೂರೈಕೆದಾರರಿಗೆ ಕೊಡದೆ ಉಳಿಸಿಕೊಂಡ ಹಣವೆಷ್ಟು ಎಂದು ನಾನು ಬಿಡಿಸಿ ಕೇಳಲಿಲ್ಲ. ಸಾಲ ಮಂಜೂರಾಯಿತು. ಮೂರು ವರ್ಷಗಳಲ್ಲಿ ಯಂತ್ರಗಳು ಮಾರಾಟವಾದವು. ಅವರು ಇಂದಿಗೂ ನನ್ನನ್ನು ದೂರುವುದಿಲ್ಲ. ಆ ಸಜ್ಜನಿಕೆಯೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಒಂದು ಸುತ್ತಿನ ದಾಖಲೆಯನ್ನು ಸರಾಸರಿಯೆಂದು ಬರೆದುಕೊಟ್ಟವನು ನಾನು.

ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳು ಕಿಕ್ಕಿರಿದಿರುವಾಗ ಏಕಾಂಗಿ ಓಟದಿಂದ ಕಲಿಯುವುದೇನು ಎಂದು ಕೆಲವರು ಆಕ್ಷೇಪಿಸಬಹುದು. ಪ್ರತಿಸ್ಪರ್ಧಿಯ ದರ, ಮಳೆ, ತೆರಿಗೆ ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದನ್ನು ಅಳೆಯಬೇಕಾದರೆ ಉಳಿದುದನ್ನು ಬದಿಗಿಟ್ಟು ನೋಡಲೇಬೇಕು. ಆದುದರಿಂದ ಸದಸ್ಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಒಂದೇ ಉತ್ಪನ್ನ, ಒಂದೇ ಯಂತ್ರವನ್ನು ಆರಿಸಿಕೊಂಡು ಪ್ರತಿ ನಗದ ವೆಚ್ಚವನ್ನು ತಿಂಗಳು ತಿಂಗಳು ಬರೆದಿಡಿ. ಕಳೆದ ವರ್ಷದ ಅದೇ ತಿಂಗಳ ಅಂಕಿಯನ್ನು ನೆರಳು ಕಾರಿನಂತೆ ಎದುರಿಗಿಟ್ಟುಕೊಳ್ಳಿ. 2006ರ ಕಾಯಿದೆಯು ಸಣ್ಣ ಪೂರೈಕೆದಾರರ ಪಾವತಿಗೆ ವಿಧಿಸಿದ ಗರಿಷ್ಠ 45 ದಿನಗಳ ಗಡುವು ಮೀರಿದ ತಿಂಗಳನ್ನು ಗೆರೆ ದಾಟಿದ ಸುತ್ತೆಂದು ಹೊಡೆದುಹಾಕಿ. ಉಳಿದ ತಿಂಗಳುಗಳ ಸರಾಸರಿಯ ಮೇಲೆ ಮಾತ್ರ ಸಾಲದ ಕಂತನ್ನು ಲೆಕ್ಕ ಹಾಕಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಗನ ಟೈಮ್ ಟ್ರಯಲ್‌ನಲ್ಲಿ ಟೈರು ಸವೆಯುವುದಿಲ್ಲ, ಇಂಧನ ಮುಗಿಯುವುದಿಲ್ಲ. ಸುತ್ತು ಕೆಟ್ಟರೆ ಗುಂಡಿ ಒತ್ತಿ ಮರಳಿ ಆರಂಭಿಸಬಹುದು. ನಮ್ಮ ಕಾರ್ಖಾನೆಗಳಲ್ಲಿ ಸವಕಳಿ ಎಂಬುದು ಬರಿಯ ಪುಸ್ತಕದ ನಮೂದಲ್ಲ, ಮರಳಿ ಆರಂಭಿಸುವ ಗುಂಡಿಯೂ ಇಲ್ಲ. ಇನ್ನು ಮುಂದೆ ನನ್ನ ಕಚೇರಿಗೆ ಯೋಜನಾ ವರದಿಗಾಗಿ ಬರುವವರು ತಮ್ಮ ಅತ್ಯುತ್ತಮ ತ್ರೈಮಾಸಿಕದ ಜೊತೆಗೆ ಅದರ ಹಿಂದಿನ ಹನ್ನೊಂದನ್ನೂ ತರಬೇಕಾಗುತ್ತದೆ.